ನಿಲ್ಲಲು ಜಾಗವಿರುವ ಪೇಟೆ ಬೇಕು: ಮೈಸೂರು ಮಹಾನಗರ ಪಾಲಿಕೆಗೊಂದು ಬಹಿರಂಗ ಪತ್ರ

ಮಾನ್ಯ ಆಡಳಿತಾಧಿಕಾರಿಗಳಿಗೆ ಮತ್ತು ಮಾನ್ಯ ಆಯುಕ್ತರಿಗೆ,
ಮೈಸೂರು ಮಹಾನಗರ ಪಾಲಿಕೆ, ಮೈಸೂರು.

ಸವಿನಯ ನಮಸ್ಕಾರಗಳು.

ಮೈಸೂರಿನ ಆರ್ಥಿಕ ಬೆಳವಣಿಗೆಯ ಮಾತು ಬಂದಾಗ ಹೆಬ್ಬಾಳದ ಕೈಗಾರಿಕಾ ಪ್ರದೇಶ, ಸಾಫ್ಟ್‌ವೇರ್ ಕಂಪನಿಗಳು, ಮಂಡಕಳ್ಳಿಯ ವಿಮಾನ ನಿಲ್ದಾಣ, ಬೆಂಗಳೂರಿನ ಹೆದ್ದಾರಿ ಇವುಗಳ ಹೆಸರೇ ಮೊದಲು ಕೇಳಿಬರುತ್ತದೆ. ಇವು ಬೇಕಾದವೇ. ಆದರೆ ಇವುಗಳ ಬಗ್ಗೆ ತೀರ್ಮಾನ ತೆಗೆದುಕೊಳ್ಳುವವರು ರಾಜ್ಯ ಮತ್ತು ಕೇಂದ್ರ ಸರ್ಕಾರದವರು, ಇಲ್ಲವೇ ಖಾಸಗಿ ಹೂಡಿಕೆದಾರರು. ಪಾಲಿಕೆಯ ಕೈಯಲ್ಲಿ ನೇರವಾಗಿ ಇರುವುದು ರಸ್ತೆ, ಫುಟ್‌ಪಾತ್, ಮಾರುಕಟ್ಟೆ, ಬೀದಿದೀಪ, ಸಾರ್ವಜನಿಕ ಶೌಚಾಲಯ, ಪಾರ್ಕು, ಉದ್ದಿಮೆ ಪರವಾನಗಿ ಮತ್ತು ಕಸ ವಿಲೇವಾರಿ. ಈ ದಿನನಿತ್ಯದ ಕೆಲಸಗಳನ್ನೇ ಪಾಲಿಕೆಯು ತನ್ನ ಆರ್ಥಿಕ ಕಾರ್ಯಕ್ರಮವೆಂದು ತಿಳಿದು ನಡೆಸಬೇಕು, ಹಳೆಯ ಪೇಟೆಯಲ್ಲಿ ಜನ ಬಂದು, ನಿಂತು, ಕೂತು, ಮಾತಾಡಿ, ಬೇಕಾದ್ದನ್ನು ಕೊಂಡು ಹೋಗುವಷ್ಟು ಜಾಗವನ್ನು ಉಳಿಸಿಕೊಡಬೇಕು ಎಂಬ ಒಂದೇ ಬೇಡಿಕೆಯನ್ನು ತಮ್ಮ ಮುಂದೆಯೂ ಊರಿನವರ ಮುಂದೆಯೂ ಇಡುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಇದು ಪಾಲಿಕೆಯ ವ್ಯಾಪ್ತಿಗೆ ಹೊರತಾದ ಬೇಡಿಕೆಯಲ್ಲ. ಸಂವಿಧಾನದ 1992ರ 74ನೇ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೇ ಅನುಸೂಚಿಯು ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆಯೂ ಇದೆ, ಪಾರ್ಕು ಮತ್ತು ಆಟದ ಮೈದಾನಗಳೂ ಇವೆ, ಸಾಂಸ್ಕೃತಿಕ ಚಟುವಟಿಕೆಗಳ ಪ್ರೋತ್ಸಾಹವೂ ಇದೆ, ಬೀದಿದೀಪ, ವಾಹನ ನಿಲುಗಡೆ, ಬಸ್ ತಂಗುದಾಣ, ಶೌಚಾಲಯಗಳೂ ಇವೆ. ಒಂದೇ ಪಟ್ಟಿಯಲ್ಲಿರುವ ಈ ವಿಷಯಗಳು ಕಚೇರಿಯಲ್ಲಿ ಮಾತ್ರ ಬೇರೆ ಬೇರೆ ಶಾಖೆಗಳ ಬೇರೆ ಬೇರೆ ಕಡತಗಳಾಗಿ ಉಳಿಯುತ್ತವೆ. ಬೀದಿಯಲ್ಲಿ ಅವು ಒಟ್ಟಿಗೇ ಇರುತ್ತವೆ. ದೀಪ ಕೆಟ್ಟ ರಸ್ತೆಯಲ್ಲಿ ಹೆಣ್ಣುಮಕ್ಕಳು ಏಳು ಗಂಟೆಯ ಮೇಲೆ ಓಡಾಡುವುದಿಲ್ಲ. ಅವರು ಬಾರದ ರಸ್ತೆಯಲ್ಲಿ ಬಳೆ, ಬಟ್ಟೆ, ಪಾತ್ರೆ ಅಂಗಡಿಗಳು ಬೇಗ ಬಾಗಿಲು ಹಾಕುತ್ತವೆ. ಬೇಗ ಬಾಗಿಲು ಹಾಕುವ ಅಂಗಡಿಯಲ್ಲಿ ಇನ್ನೊಬ್ಬ ಹುಡುಗನಿಗೆ ಕೆಲಸ ಸಿಗುವುದಿಲ್ಲ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಈ ಊರಿನ ವ್ಯಾಪಾರದ ಲೆಕ್ಕ ಬದಲಾಗಿದೆಯೆಂದು ನನ್ನ ಭಾವನೆ. ಬೆಳಿಗ್ಗೆ ಬೆಂಗಳೂರಿನಿಂದ ಹೊರಟ ಸಂಸಾರವೊಂದು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ನೋಡಿಕೊಂಡು ರಾತ್ರಿಯೊಳಗೆ ಮನೆ ಸೇರಿಕೊಳ್ಳಬಹುದು. ಬರುವವರ ಸಂಖ್ಯೆ ಹೆಚ್ಚಿದರೂ ಅವರು ಇಲ್ಲಿ ಕಳೆಯುವ ಹೊತ್ತು ಕಡಿಮೆಯಾದರೆ ಊರಿಗೆ ಉಳಿಯುವುದು ವಾಹನಗಳ ಹೊಗೆ ಮತ್ತು ಕಸ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಏಳಕ್ಕೆ ಅರಮನೆಯ ದೀಪಗಳು ಹೊತ್ತಿಕೊಂಡಾಗ ಸಾವಿರಾರು ಜನ ಅಲ್ಲಿ ಸೇರಿರುತ್ತಾರೆ. ಒಂದು ಗಂಟೆಯೊಳಗೆ ದೀಪ ಆರುತ್ತದೆ. ಆಗ ಅವರು ಕಾರಿನ ಕಡೆಗೆ ಹೋಗುತ್ತಾರೋ, ಪೇಟೆಯ ಕಡೆಗೆ ಹೋಗುತ್ತಾರೋ ಎಂಬುದರ ಮೇಲೆ ನೂರಾರು ಕುಟುಂಬಗಳ ವಾರದ ಸಂಪಾದನೆ ನಿಂತಿದೆ. ಅರಮನೆಯ ಉತ್ತರ ದ್ವಾರದಿಂದ ದೊಡ್ಡ ಗಡಿಯಾರ, ಚಾಮರಾಜ ವೃತ್ತ, ಕೆ.ಆರ್. ವೃತ್ತ, ಚಿಕ್ಕ ಗಡಿಯಾರ ದಾಟಿ ದೇವರಾಜ ಮಾರುಕಟ್ಟೆಯನ್ನು ತಲುಪಲು ಹೆಚ್ಚು ನಡೆಯಬೇಕಾಗಿಲ್ಲ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಚರಿತ್ರೆ ಮತ್ತು ಇಷ್ಟು ಸರಕು ಒಟ್ಟಿಗೆ ಸಿಗುವ ಊರುಗಳು ದೇಶದಲ್ಲಿ ಕಡಿಮೆ. ಆದರೂ ಮಗುವನ್ನು ಎತ್ತಿಕೊಂಡ ತಾಯಿಯಾಗಲಿ, ಕೋಲೂರಿದ ಹಿರಿಯರಾಗಲಿ ಈ ದಾರಿಯನ್ನು ನಿಶ್ಚಿಂತೆಯಿಂದ ನಡೆದು ಹೋಗುವುದು ಕಷ್ಟ. ರಸ್ತೆ ದಾಟುವುದೇ ಒಂದು ಸಾಹಸ, ದಣಿದರೆ ಕೂರುವ ಬೆಂಚುಗಳು ವಿರಳ.

ದೇವರಾಜ ಮಾರುಕಟ್ಟೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೆ ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ ಹಬ್ಬಿರುವ ಈ ಮಾರುಕಟ್ಟೆ ಪಾಲಿಕೆಯ ಸ್ವತ್ತು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಈ ಮೂರಕ್ಕೂ ಜಿ.ಐ., ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ದೊರೆತಿದೆ. ಕಾಗದದ ಮೇಲಿನ ಈ ಮಾನ್ಯತೆ ಬೆಳೆಗಾರನ ಕೈಗೆ ದುಡ್ಡಾಗಿ ಸೇರಬೇಕಾದರೆ ಹೂವಿನ ಸಾಲು, ಎಲೆ ಅಡಿಕೆಯ ಸಾಲು, ಬಾಳೆಹಣ್ಣಿನ ಮಳಿಗೆಗಳಂಥ ಜಾಗ ಬೇಕು. ನಂಜನಗೂಡು, ವರುಣಾ, ಶ್ರೀರಂಗಪಟ್ಟಣದ ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ಬಂದ ರೈತ ಮಾಲು ಕೊಟ್ಟು ಹಣ ಎಣಿಸಿಕೊಂಡ ಮೇಲೆ ಬರಿಗೈಯಲ್ಲಿ ಊರಿಗೆ ಹೋಗುವುದಿಲ್ಲ. ಮಕ್ಕಳಿಗೆ ಬಟ್ಟೆ, ಮನೆಗೆ ಔಷಧಿ, ಪಂಪ್‌ಸೆಟ್ಟಿಗೆ ಬಿಡಿಭಾಗ ಎಂದು ಅಶೋಕ ರಸ್ತೆ, ಸಂತೇಪೇಟೆ, ಶಿವರಾಂಪೇಟೆಗಳಲ್ಲಿ ಅದೇ ಹಣದಲ್ಲಿ ಒಂದು ಪಾಲನ್ನು ಖರ್ಚು ಮಾಡುತ್ತಾನೆ. ಹೀಗೆ ಒಂದು ಮಾರುಕಟ್ಟೆ ತನ್ನ ಮಳಿಗೆಗಳ ಬಾಡಿಗೆಗಿಂತ ಎಷ್ಟೋ ಪಾಲು ಹೆಚ್ಚಿನ ವಹಿವಾಟನ್ನು ಸುತ್ತಲಿನ ಪೇಟೆಗೆ ತಂದುಕೊಡುತ್ತದೆ. ಅದು ಬಾಡಿಗೆಯ ಪುಸ್ತಕದಲ್ಲಿ ಕಾಣುವುದಿಲ್ಲವಾದ್ದರಿಂದ ಮಾರುಕಟ್ಟೆಯ ಬೆಲೆಯನ್ನು ಆ ಪುಸ್ತಕವೊಂದರಿಂದಲೇ ಅಳೆಯಬಾರದು.

ಈ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಹೆಬ್ಬಾಗಿಲಿನ ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್‌ನಲ್ಲಿ, ಹತ್ತಿರದ ಹಳೆಯ ಅಂಗಡಿ ಸಾಲಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡಿದ್ದರು. ಎರಡು ಕಟ್ಟಡಗಳನ್ನೂ ಕೆಡವಿ ಹೊಸದಾಗಿ ಕಟ್ಟಬೇಕೇ, ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೇ ಎಂಬ ವಾದ ತಜ್ಞರ ವರದಿಗಳ ಮೂಲಕ ನ್ಯಾಯಾಲಯದವರೆಗೂ ಹೋಯಿತು. ಸಾಧ್ಯವಿರುವಷ್ಟನ್ನೂ ಉಳಿಸಿಕೊಳ್ಳಬೇಕೆಂಬ ಪಕ್ಷದವನು ನಾನು. ಸುಣ್ಣದ ಗಾರೆ, ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸುವ ಮದ್ರಾಸ್ ತಾರಸಿ ಮಾಡಬಲ್ಲ ಕೈಗಳು ಈ ಭಾಗದಲ್ಲಿ ಇನ್ನೂ ಇರುವಾಗ ಅವರಿಗೆ ಕೆಲಸ ಕೊಡುವುದೂ ಆರ್ಥಿಕ ಅಭಿವೃದ್ಧಿಯೇ ಎಂದು ನಂಬಿದವನು. ಆದರೆ ಈ ವಾದದ ಗದ್ದಲದಲ್ಲಿ ಹಿಂದೆ ಬಿದ್ದ ಇನ್ನೊಂದು ಪ್ರಶ್ನೆ ನನಗೆ ಅದಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ. ಕಟ್ಟಡ ಯಾವ ರೂಪದಲ್ಲಿ ಎದ್ದು ನಿಂತರೂ ಅದರೊಳಗೆ ಮರಳಿ ಕೂರುವವರು ಯಾರು? ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೆಯ ಪುಸ್ತಕದ ಅಂಗಡಿಗಳಿದ್ದವು. ಹೊಸ ಪಠ್ಯಪುಸ್ತಕ ಕೊಳ್ಳಲಾರದ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪುಸ್ತಕ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಕುಸಿತದ ನಂತರ ಹತ್ತು ವರ್ಷ ಕಳೆದರೂ ಆ ಕಮಾನುಗಳ ಹಿಂದೆ ವ್ಯಾಪಾರ ಮರಳಲಿಲ್ಲ. ಹತ್ತು ವರ್ಷವೆಂದರೆ ಸಣ್ಣ ವ್ಯಾಪಾರಿಗೆ ಒಂದು ತಲೆಮಾರು. ಗಿರಾಕಿ ಬೇರೆ ಕಡೆ ಹೋಗುತ್ತಾನೆ, ಮಗ ಬೇರೆ ಕೆಲಸ ಹಿಡಿಯುತ್ತಾನೆ, ಕಸುಬು ಅಲ್ಲಿಗೆ ನಿಲ್ಲುತ್ತದೆ.

ಆದ್ದರಿಂದ ಯಾವುದೇ ಕಾಮಗಾರಿಯ ಟೆಂಡರ್ ಕರೆಯುವ ಮೊದಲು ಈಗಿರುವ ಮಳಿಗೆದಾರರು, ಮಾರುಕಟ್ಟೆಯೊಳಗೆ ನೆಲದ ಮೇಲೆ ಕೂತು ಮಾರುವವರು, ಹಮಾಲರು, ಹೂ ಕಟ್ಟುವ ಹೆಂಗಸರು ಎಲ್ಲರ ಹೆಸರೂ ಜಾಗವೂ ಇರುವ ಪಟ್ಟಿಯೊಂದನ್ನು ಪಾಲಿಕೆ ಪ್ರಕಟಿಸಬೇಕು. ಕೆಲಸ ನಡೆಯುವಾಗ ಅವರು ಎಲ್ಲಿ ವ್ಯಾಪಾರ ಮಾಡಬೇಕು, ಮುಗಿದ ಮೇಲೆ ಯಾವ ಬಾಡಿಗೆಗೆ ಯಾವ ಜಾಗಕ್ಕೆ ಬರಬೇಕು ಎಂಬುದನ್ನು ಲಿಖಿತವಾಗಿ ಕೊಡಬೇಕು. ಕೆಲಸವನ್ನು ಇಡೀ ಮಾರುಕಟ್ಟೆ ಖಾಲಿ ಮಾಡಿಸಿ ಮಾಡುವ ಬದಲು ಒಂದೊಂದು ಪಾರ್ಶ್ವವಾಗಿ ಕೈಗೆತ್ತಿಕೊಂಡರೆ ಖರ್ಚು ಸ್ವಲ್ಪ ಹೆಚ್ಚಾಗಬಹುದು, ಆದರೆ ವ್ಯಾಪಾರ ಸಾಯುವುದಿಲ್ಲ. ಕೈಯಲ್ಲಿ ಕಾಗದವಿದ್ದರೆ ವ್ಯಾಪಾರಿಯೇ ದುರಸ್ತಿಯ ಪರವಾಗಿ ನಿಲ್ಲುತ್ತಾನೆ. ಅದಿಲ್ಲದಿದ್ದಾಗ ಬೀಳುತ್ತಿರುವ ಗೋಡೆಯ ಕೆಳಗೂ ಅವನು ಮಳಿಗೆ ಬಿಟ್ಟು ಏಳಲಾರ. ಪುರಭವನದ ಆವರಣದ ಭೂಗತ ವಾಹನ ನಿಲುಗಡೆಯ ಕಾಮಗಾರಿ ಹತ್ತು ವರ್ಷಕ್ಕೂ ಮೀರಿ ಎಳೆದದ್ದನ್ನು ನೋಡಿದ ಪೇಟೆಯವರು ಬಾಯಿಮಾತಿನ ಗಡುವನ್ನು ನಂಬದಿದ್ದರೆ ಅದು ಅವರ ತಪ್ಪಲ್ಲ.

ಇನ್ನು ಬೀದಿ ಬದಿಯ ವ್ಯಾಪಾರಿಗಳ ವಿಷಯ. ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯ್ದೆ 2014ರಲ್ಲೇ ಬಂದಿದೆ. ಅದರ ಪ್ರಕಾರ ಕನಿಷ್ಠ ಐದು ವರ್ಷಕ್ಕೊಮ್ಮೆ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. ಸಮೀಕ್ಷೆ ಮುಗಿದು ಮಾರಾಟ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿಯ ಬೀದಿ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಜಾಗ ಕಲ್ಪಿಸಬೇಕೆಂಬುದು ಅದರ ಮಾನದಂಡ. 2011ರ ಜನಗಣತಿಯ ಸುಮಾರು ಒಂಬತ್ತು ಲಕ್ಷದ ಲೆಕ್ಕ ಹಿಡಿದರೂ ಮೈಸೂರಿನಲ್ಲಿ ಈ ಮಿತಿ ಇಪ್ಪತ್ತೆರಡು ಸಾವಿರವನ್ನು ದಾಟುತ್ತದೆ. ಅಷ್ಟು ಮನೆಗಳ ಒಲೆ ಉರಿಸಬಲ್ಲ ಉದ್ಯೋಗವನ್ನು ಯಾವ ಹೊಸ ಕಾರ್ಖಾನೆಯೂ ಒಂದೇ ಬಾರಿಗೆ ಈ ಊರಿಗೆ ತರಲಾರದು. 2020ರಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಯೋಜನೆಯ ಮೊದಲ ಕಂತಿನ ಹತ್ತು ಸಾವಿರ ರೂಪಾಯಿ ಸಾಲ ಎಷ್ಟೋ ತಳ್ಳುಗಾಡಿಗಳವರನ್ನು ಮೀಟರ್ ಬಡ್ಡಿಯಿಂದ ಬಿಡಿಸಿತು. ಆದರೆ ಸಾಲ ಕೊಡಿಸಿ ಕೂರಲು ಜಾಗ ಕೊಡದಿದ್ದರೆ ಆ ಸಾಲವೇ ಹೊರೆಯಾಗುತ್ತದೆ.

ಇದನ್ನು ಓದುವ ಅಂಗಡಿ ಮಾಲೀಕರಿಗೆ ಅಸಮಾಧಾನವಾಗಬಹುದು. ಬಾಡಿಗೆ, ಆಸ್ತಿ ತೆರಿಗೆ, ಜಿ.ಎಸ್.ಟಿ., ಉದ್ದಿಮೆ ಪರವಾನಗಿ ಶುಲ್ಕ ಎಲ್ಲವನ್ನೂ ಕಟ್ಟುವ ನಮ್ಮ ಬಾಗಿಲಿಗೇ ಅಡ್ಡವಾಗಿ ಗಾಡಿ ನಿಂತರೆ ಹೇಗೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಫುಟ್‌ಪಾತಿನಲ್ಲಿ ಕಾಲಿಡಲು ಜಾಗವಿಲ್ಲದೆ ರಸ್ತೆಗಿಳಿದು ನಡೆಯುವವರ ದೂರೂ ನ್ಯಾಯವಾದದ್ದೇ. ಇವರಿಗೆಲ್ಲ ಉತ್ತರ ಸಿಗುವುದು ಗುರುತು ಹಾಕಿದ ಜಾಗದಿಂದ. ಎಲ್ಲಿ ಗಾಡಿ ನಿಲ್ಲಬೇಕು, ಎಷ್ಟು ಅಗಲ ನಡೆಯುವವರಿಗೆ ಬಿಡಬೇಕು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ವ್ಯಾಪಾರ, ತಿಂಗಳಿಗೆ ಎಷ್ಟು ಶುಲ್ಕ ಎಂಬುದನ್ನು ನೆಲದ ಮೇಲೆ ಬಣ್ಣದಿಂದಲೂ ಕಾಗದದ ಮೇಲೆ ಸಹಿಯಿಂದಲೂ ಗುರುತಿಸಿಬಿಟ್ಟರೆ ಜಗಳದ ಬಹುಪಾಲು ಅಲ್ಲೇ ಮುಗಿಯುತ್ತದೆ. ಆಗಾಗ ನಡೆಯುವ ತೆರವು ಕಾರ್ಯಾಚರಣೆಯಿಂದ ಏನೂ ಮುಗಿಯುವುದಿಲ್ಲ. ಮೂರು ದಿನ ಖಾಲಿಯಿದ್ದ ಜಾಗಕ್ಕೆ ನಾಲ್ಕನೇ ದಿನ ಅದೇ ಗಾಡಿ ಬರುತ್ತದೆ, ನಡುವೆ ಬಡವನ ಸರಕು ಹಾಳಾಗಿರುತ್ತದೆ.

ಬೀದಿಯಲ್ಲಿ ತಿಂಡಿ ಮಾರಿದರೆ ಊರು ಗಲೀಜಾಗುತ್ತದೆ ಎಂಬ ಮಾತನ್ನು ನಾನು ಅನೇಕ ಸಭೆಗಳಲ್ಲಿ ಕೇಳಿದ್ದೇನೆ. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ 73 ನಗರಗಳ ನಡುವೆ ಮೈಸೂರು ಮೊದಲ ಸ್ಥಾನ ಪಡೆದಿತ್ತು. ಪೌರಕಾರ್ಮಿಕರು ದುಡಿದು ತಂದುಕೊಟ್ಟ ಆ ಹೆಸರನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಂಡೆವು. ಮರುವರ್ಷದಿಂದ ಆ ಸ್ಥಾನಕ್ಕೆ ಬಂದ ಇಂದೋರ್ ಅದನ್ನು ವರ್ಷದಿಂದ ವರ್ಷಕ್ಕೆ ಕಾಪಾಡಿಕೊಂಡು ಬಂದಿತು. ಆ ಇಂದೋರಿನ ಸರಾಫಾ ಬಜಾರಿನಲ್ಲಿ ಚಿನ್ನಬೆಳ್ಳಿಯ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಅವುಗಳ ಮುಂದೆಯೇ ತಿಂಡಿ ಅಂಗಡಿಗಳು ತೆರೆದು ನಡುರಾತ್ರಿ ದಾಟುವವರೆಗೂ ವ್ಯಾಪಾರ ನಡೆಯುತ್ತದೆ. ಅದೇ ಊರಿನ ಛಪ್ಪನ್ ದುಕಾನ್ ಬೀದಿಯನ್ನು ವಾಹನಗಳಿಲ್ಲದ ತಿಂಡಿ ಬೀದಿಯಾಗಿ ಹೊಸದಾಗಿ ಸಜ್ಜುಗೊಳಿಸಲಾಗಿದೆ. ದೇಶದ ಅತ್ಯಂತ ಸ್ವಚ್ಛ ನಗರವೂ ಅತ್ಯಂತ ಗಿಜಿಗುಡುವ ತಿಂಡಿ ಬೀದಿಯೂ ಒಂದೇ ಊರಿನಲ್ಲಿ ಇರಬಲ್ಲವೆಂದ ಮೇಲೆ ಬೇಕಾದದ್ದು ನಲ್ಲಿ ನೀರು, ಕಸದ ಡಬ್ಬಿ, ಚರಂಡಿ ಮತ್ತು ರಾತ್ರಿ ಪಾಳಿಯ ಕೆಲಸಕ್ಕೆ ಸರಿಯಾದ ಸಂಬಳ ಎಂಬುದು ಸ್ಪಷ್ಟ. ಆಯುಧಪೂಜೆಯ ಮಾರನೆಯ ದಿನ ಮಾರಾಟವಾಗದೆ ರಸ್ತೆಯಲ್ಲೇ ಉಳಿದ ಬೂದುಗುಂಬಳ, ಬಾಳೆಕಂದು, ಚೆಂಡು ಹೂವಿನ ರಾಶಿಗಳನ್ನು ಕಂಡವರಿಗೆ ಮೈಸೂರಿನಲ್ಲಿ ಈ ವ್ಯವಸ್ಥೆ ಎಲ್ಲಿ ಕಡಿಮೆಯೆಂದು ಗೊತ್ತಿದೆ. ಹಬ್ಬದ ವ್ಯಾಪಾರಕ್ಕೆ ತಾತ್ಕಾಲಿಕ ಜಾಗ ಗುರುತಿಸಿ, ಅಲ್ಲೇ ಹಸಿ ಕಸಕ್ಕೆ ಗಾಡಿ ನಿಲ್ಲಿಸಿದರೆ ಅದೆಲ್ಲವೂ ಗೊಬ್ಬರವಾಗಬಲ್ಲದು.

ಸಾರ್ವಜನಿಕ ಜಾಗ ಜೀವಂತವಾಗಿರಲು ಈ ಊರಿನಲ್ಲಿ ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ದಸರೆಯ ದಿನಗಳಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗಿನ ರಸ್ತೆ ಜನರದ್ದಾಗುತ್ತದೆ. ಹಿಂದೆ ದಸರೆಯ ಹೊತ್ತಿನಲ್ಲಿ ಓಪನ್ ಸ್ಟ್ರೀಟ್ ಫೆಸ್ಟಿವಲ್ ಹೆಸರಿನಲ್ಲಿ ರಸ್ತೆಯನ್ನು ವಾಹನಗಳಿಗೆ ಮುಚ್ಚಿ ನಡೆಯುವವರಿಗೆ ಬಿಟ್ಟುಕೊಟ್ಟಾಗ ಮಕ್ಕಳೂ ಮುದುಕರೂ ಬೀದಿಯ ನಡುವೆ ನಡೆದಾಡಿದ್ದನ್ನು ನೆನೆಸಿಕೊಂಡರೆ ಇಂದಿಗೂ ಸಂತೋಷವಾಗುತ್ತದೆ. ಆದರೆ ಹತ್ತು ದಿನದ ಹಬ್ಬದಿಂದ ವರ್ಷದ ಜೀವನ ನಡೆಯುವುದಿಲ್ಲ. ತಿಂಗಳಿಗೆ ಒಂದು ಭಾನುವಾರ, ಸಂಜೆ ನಾಲ್ಕರಿಂದ ಹತ್ತರವರೆಗೆ, ಚಿಕ್ಕ ಗಡಿಯಾರದ ಸುತ್ತಲಿನ ಜಾಗವನ್ನೂ ದೇವರಾಜ ಅರಸು ರಸ್ತೆಯ ಒಂದು ಭಾಗವನ್ನೂ ನಡೆಯುವವರಿಗೆ ಬಿಟ್ಟು ನೋಡಿ. ರಂಗಾಯಣದ ಕಲಾವಿದರು, ಸಂಗೀತ ಕಾಲೇಜುಗಳ ವಿದ್ಯಾರ್ಥಿಗಳು, ಸುತ್ತಲ ಹಳ್ಳಿಗಳ ಕಂಸಾಳೆ ಮತ್ತು ಡೊಳ್ಳಿನ ತಂಡಗಳು ಅಲ್ಲಿಗೆ ಬರಲು ಹಿಂಜರಿಯಲಾರರು ಎಂಬ ಭರವಸೆ ನನಗಿದೆ. ಬೀಟೆ ಮರದ ಕೆತ್ತನೆ ಜೋಡಣೆಯವರು, ಗಂಜೀಫಾ ಎಂಬ ಹಳೆಯ ಆಟದ ಎಲೆಗಳ ಚಿತ್ರ ಮತ್ತು ಮೈಸೂರು ಸಾಂಪ್ರದಾಯಿಕ ಚಿತ್ರ ಬರೆಯುವವರು, ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವ ಹೆಂಗಸರು, ಇವರೆಲ್ಲರಿಗೂ ಮಧ್ಯವರ್ತಿಯಿಲ್ಲದೆ ಗಿರಾಕಿಯ ಮುಖ ನೋಡಿ ಮಾರುವ ಅವಕಾಶ ಊರಿನ ನಡುವೆ ಸಿಗಬೇಕು. ಆರು ತಿಂಗಳು ನಡೆಸಿ, ಆ ಬೀದಿಯ ಅಂಗಡಿಗಳವರನ್ನೇ ಕೇಳಿ, ವ್ಯಾಪಾರ ಕುಗ್ಗಿದ್ದರೆ ನಿಲ್ಲಿಸಿ.

ಪೇಟೆಯ ಬಗ್ಗೆ ಇಷ್ಟು ಹೇಳಿದ್ದರಿಂದ ಬಡಾವಣೆಗಳು ಮುಖ್ಯವಲ್ಲ ಎಂದು ಅರ್ಥವಲ್ಲ. ಕುವೆಂಪುನಗರ, ಸರಸ್ವತಿಪುರಂ, ಎನ್.ಆರ್. ಮೊಹಲ್ಲಾ, ಉದಯಗಿರಿ, ವಿಜಯನಗರ ಎಲ್ಲಿಯೇ ಆಗಲಿ, ಸಂಜೆ ಜನ ಸೇರುವ ಒಂದು ಜಾಗ ಇದ್ದೇ ಇರುತ್ತದೆ. ಅಲ್ಲಿ ಶೌಚಾಲಯವೊಂದನ್ನು ಕಟ್ಟಿ, ನೀರು ಮತ್ತು ಬೀಗದ ಕೈ ಯಾರ ಹೊಣೆಯೆಂದು ಗೋಡೆಯ ಮೇಲೆ ಬರೆಸಿದರೆ ಸಾಕು, ತರಕಾರಿ ಮಾರುವ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುವುದು ತಪ್ಪುತ್ತದೆ. ಯಾವ ವಾರ್ಡಿಗೆ ಏನು ಬೇಕೆಂದು ಹೇಳಬೇಕಾದವರು ಆಯಾ ವಾರ್ಡಿನ ಜನ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನವೇ ಹೇಳಿದೆ. ಮೈಸೂರಿನ ಚುನಾಯಿತ ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದೀಚೆಗೆ 65 ವಾರ್ಡುಗಳ ಜನರಿಗೆ ತಮ್ಮ ಬೀದಿಯ ಅಹವಾಲು ಹೇಳಿಕೊಳ್ಳಲು ಕಾರ್ಪೊರೇಟರ್ ಮನೆಯ ಬಾಗಿಲು ಇಲ್ಲದಂತಾಯಿತು. ಚುನಾವಣೆ ನಡೆಸುವುದು ತಮ್ಮ ಕೈಯಲ್ಲಿಲ್ಲವೆಂದು ನಾನು ಬಲ್ಲೆ. ಆದರೆ ಒಂಬತ್ತು ವಲಯ ಕಚೇರಿಗಳಲ್ಲಿ ತಿಂಗಳಿಗೊಮ್ಮೆ ಬಹಿರಂಗ ಸಭೆ ಕರೆದು, ಬಂದ ಅಹವಾಲುಗಳನ್ನೂ ಅವುಗಳ ಮೇಲೆ ಕೈಗೊಂಡ ಕ್ರಮವನ್ನೂ ಕಚೇರಿಯ ಗೋಡೆಗೆ ಅಂಟಿಸುವುದು ತಮ್ಮ ಕೈಯಲ್ಲಿದೆ. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿದ, ನಗರ ಸುಧಾರಣೆಗೆಂದೇ 1903ರಲ್ಲಿ ಒಂದು ಮಂಡಳಿಯನ್ನು ಕಟ್ಟಿಕೊಂಡ ಊರಿಗೆ ಇದು ಹೊಸದೇನೂ ಅಲ್ಲ.

ಮುಂದಿನ ಆಯವ್ಯಯವನ್ನು ಸಿದ್ಧಪಡಿಸುವ ಮೊದಲು ಮೂರು ಕಾಗದಗಳನ್ನು ಸಾರ್ವಜನಿಕರ ಮುಂದಿಡಬೇಕೆಂದು ಕೋರುತ್ತೇನೆ. ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡದ ವ್ಯಾಪಾರಿಗಳ ಪಟ್ಟಿ ಮತ್ತು ಮರಳುವ ಹಕ್ಕಿನ ಕರಾರು ಒಂದು. ಬೀದಿ ವ್ಯಾಪಾರಿಗಳ ಇತ್ತೀಚಿನ ಸಮೀಕ್ಷೆ, ಕೊಟ್ಟ ಪ್ರಮಾಣಪತ್ರಗಳ ಸಂಖ್ಯೆ ಮತ್ತು ವಾರ್ಡುವಾರು ಗುರುತಿಸಿದ ವ್ಯಾಪಾರ ವಲಯಗಳ ನಕ್ಷೆ ಇನ್ನೊಂದು. ಪಾಲಿಕೆಯ ಒಡೆತನದ ಮಳಿಗೆಗಳಿಂದ ಬಂದ ಬಾಡಿಗೆ ಎಷ್ಟು, ಅದರಲ್ಲಿ ಅದೇ ಮಾರುಕಟ್ಟೆಗಳ ದುರಸ್ತಿಗೆ, ಶೌಚಾಲಯಕ್ಕೆ, ದೀಪಕ್ಕೆ ಹೋದದ್ದೆಷ್ಟು ಎಂಬ ಲೆಕ್ಕ ಮೂರನೆಯದು. ಇವು ಪಾಲಿಕೆಯ ವೆಬ್‌ಸೈಟಿನಲ್ಲಿ ಮಾತ್ರ ಇದ್ದರೆ ಸಾಲದು. ಮೊಬೈಲಿನಲ್ಲಿ ಕಡತ ತೆರೆಯಲು ಬಾರದ ಹೂ ಮಾರುವವರೂ ಓದಿಸಿ ಕೇಳಿಕೊಳ್ಳುವಂತೆ, ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ಮಾರುಕಟ್ಟೆಯ ಎರಡೂ ಕಡೆಯ ಬಾಗಿಲುಗಳಲ್ಲಿ ತೂಗುಹಾಕಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಗ್ರಹಾರದ ಒಬ್ಬ ನಿವಾಸಿ,
ಮೈಸೂರು